ಅಂಗಳದ ಗರಿಕೆ

ಮನೆ ಕಟ್ಟಿ ಉಳಿದದ್ದು 10 ಅಡಿ ಅಗಲ, 15 ಅಡಿ ಉದ್ದದ ಅಂಗಳ. ಅದಕ್ಕೆ ಅಭಿಪ್ರಾಯಗಳು ಮಾತ್ರ ಮೂರು. ಕಲ್ಲು ಹಾಸಿದರೆ ಗುಡಿಸಲು ಸುಲಭವೆಂದು ನಮ್ಮವರು, ತೊಂಡೆಯ ಚಪ್ಪರವಾದರೆ ಪಲ್ಯಕ್ಕಾದೀತೆಂದು ನಾದಿನಿ. ಹುಲ್ಲುಹಾಸು ಬೇಕೆಂದವಳು ನಾನೊಬ್ಬಳೇ. ಹಳ್ಳಿ ಮನೆ ಬಿಟ್ಟು ಬಂದ ಮೇಲೆ ಅತ್ತೆ ಹೊಸಿಲು ದಾಟುವುದನ್ನೇ ಮರೆತಿದ್ದರು. ನನ್ನ ಹಟಕ್ಕೆ ಅದೇ ಕಾರಣ.

ನರ್ಸರಿಯಲ್ಲಿ ಹುಲ್ಲಿಗೂ ಸೀರೆಯಂಗಡಿಯಷ್ಟೇ ಆಯ್ಕೆ. ಕೊರಿಯನ್ ಹುಲ್ಲು ನೋಡಲು ಮಖಮಲ್ಲು, ಆದರೆ ದುಬಾರಿ; ಹಬ್ಬುವುದೂ ನಿಧಾನ. ಅಗಲ ಎಲೆಯ ಕಾರ್ಪೆಟ್ ಹುಲ್ಲು ಮರದ ನೆರಳಲ್ಲೂ ಬಾಳುತ್ತದೆ, ನೀರು ಮಾತ್ರ ಹೆಚ್ಚು ಬೇಡುತ್ತದೆ. ನಮ್ಮ ಬೀದಿಗೆ ನಲ್ಲಿ ನೀರು ಬರುವುದೇ 3 ದಿನಕ್ಕೊಮ್ಮೆ! ಬಿಸಿಲಿಗೆ ಬರವಿಲ್ಲದ ಅಂಗಳಕ್ಕೆ ಗರಿಕೆಯೇ ಸರಿಯೆಂದುಕೊಂಡೆ. ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಮಳೆಗೆ ಚಿಗುರುತ್ತದೆ, ತುಳಿದರೂ ತಲೆಯೆತ್ತುತ್ತದೆ.

"ಹೊಲದಿಂದ ಕಿತ್ತೆಸೆಯುವ ಕಳೆಗೆ ದುಡ್ಡು ಕೊಡ್ತೀಯೇನೇ?" ಎಂದರು ಅತ್ತೆ. ಕೊಡಲಿಲ್ಲ, ಕೆರೆ ಏರಿಯಿಂದ ಬುಟ್ಟಿ ತುಂಬ ತಂದೆ. ಮುಂಗಾರಿಗೆ ಮೊದಲು ಮುಕ್ಕಾಲು ಅಡಿ ಅಗೆಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ ಮಟ್ಟ ಮಾಡಿಸಿದೆ. ಜೇಕಿನ ಗಡ್ಡೆ ಒಂದು ಉಳಿದರೂ ಹುಲ್ಲುಹಾಸು ಕೆಟ್ಟಿತು. ಅದನ್ನು ಆರಿಸಲು ಅತ್ತೆ ತಾವೇ ಬಂದು ಕೂತರು, ನನ್ನ ಕಣ್ಣು ಸಾಲದೆಂದು! ಗೆಣ್ಣಿರುವ ತುಂಡುಗಳನ್ನು ನಾಲ್ಕು ಬೆರಳಿನ ಅಂತರದಲ್ಲಿ ಊರಿದೆವು.

ಚೌತಿಯ ಹೊತ್ತಿಗೆ ಅಂಗಳ ಹಸಿರಾಯಿತು. ಅಂಚಿನ ಒಂದು ಪಟ್ಟಿ ಕತ್ತರಿಸುವಂತಿಲ್ಲ. ಗಣಪನ 21 ಗರಿಕೆಗೆಂದು ಅತ್ತೆಯ ಕಟ್ಟಪ್ಪಣೆ.

ಹುಲ್ಲು ಆರಿಸುವ ಮುನ್ನ ನೀವೂ ಮೂರು ನೋಡಿ: ಬಿಸಿಲೆಷ್ಟು, ನೀರೆಷ್ಟು, ಅದರ ಮೇಲೆ ನಡೆಯಬೇಕಾದ ಕಾಲು ಯಾರದು.