ತಾಯಿಯನ್ನು ನೋಡಿ ಮರಿ ತಾ

ಮೊನ್ನೆ ಭಾನುವಾರ ಮೊಮ್ಮಗ ಮೊಬೈಲ್ ಹಿಡಿದುಕೊಂಡು ಜಗಲಿಗೆ ಓಡಿ ಬಂದ. "ತಾತಾ, ಈ ನಾಯಿಮರಿ ನೋಡಿ! ಒಂದು ತಿಂಗಳದ್ದಂತೆ. ದುಡ್ಡು ಹಾಕಿದರೆ ಬಸ್ಸಿನಲ್ಲಿ ಹಾಸನದವರೆಗೂ ಕಳಿಸಿಕೊಡ್ತಾರಂತೆ" ಎಂದ. ಹತ್ತಿ ಉಂಡೆಯಂಥ ಮರಿ. ಮುದ್ದಾಗಿಯೇ ಇತ್ತು. ನಾನು ಕೇಳಿದ್ದು ಒಂದೇ ಮಾತು: "ಇದರ ತಾಯಿ ಎಲ್ಲಿದೆ?"

"ತಾಯಿ ಯಾಕೆ ತಾತ? ನಮಗೆ ಬೇಕಾಗಿರೋದು ಮರಿ ತಾನೆ?" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಅವನ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡು ಒಂದು ತಪ್ಪು ಮಾಡಿದ್ದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನೇ ಹೇಳಿದೆ. ಮಕ್ಕಳೇ, ನಿಮಗೂ ಹೇಳುತ್ತೇನೆ.

ನಮ್ಮ ಮಗ್ಗೆ ಆಲೂರು-ಸಕಲೇಶಪುರದ ಬೆಟ್ಟಗಳ ನಡುವಿನ ಊರು. ನಮ್ಮ ಮನೆಗೆ ಆಗ ಒಂದಿಷ್ಟು ಗದ್ದೆ, ಸ್ವಲ್ಪ ಕಾಫಿ, ಏಲಕ್ಕಿ ಇತ್ತು. ಭತ್ತ ತೆನೆ ತುಂಬುವ ಹೊತ್ತಿಗೆ ಕಾಡುಹಂದಿಗಳು ಇಳಿಯುತ್ತಿದ್ದವು. ರಾತ್ರಿ ಗದ್ದೆ ಕಾಯಲು ಅಜ್ಜಯ್ಯನ ಜೊತೆ ಹೋಗುತ್ತಿದ್ದುದು ನಾಯಿಗಳು. ಅಜ್ಜಯ್ಯ ಸಾಕಿದ್ದು ಊರ ನಾಯಿಗಳನ್ನೇ. ಆದರೆ ಯಾವ ನಾಯಿಯ ಅಜ್ಜಿ ಯಾವುದು, ಅದರ ಗುಣ ಏನಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಮರಿ ಬೇಕೆಂದು ಆಲೂರಿನ ಕಡೆಯಿಂದಲೂ ಜನ ಬರುತ್ತಿದ್ದರು. ಅಜ್ಜಯ್ಯ ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ ತಂದರೆ ಸಾಕು. ಕಾಯಿ ಮನೆಗೆ, ಬೆಲ್ಲ ರಾಗಿ ಅಂಬಲಿಯಲ್ಲಿ ಕರಗಿ ತಾಯಿನಾಯಿಗೆ.

ಬಂದವರು ಸೀದಾ ಮರಿಗೆ ಕೈ ಹಾಕಿದರೆ ಅಜ್ಜಯ್ಯ ತಡೆಯುತ್ತಿದ್ದರು. "ಮೊದ್ಲು ತಾಯಿ ನೋಡಿ ಸ್ವಾಮಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ." ಹೆದರಿ ಮೂಲೆ ಸೇರುವ ತಾಯಿಯ ಮರಿಯೂ ಪುಕ್ಕಲಾಗುತ್ತದೆ, ಸುಮ್ಮಸುಮ್ಮನೆ ಮೇಲೆ ಬೀಳುವ ತಾಯಿಯಿಂದ ಮರಿ ಅದನ್ನೇ ಕಲಿಯುತ್ತದೆ ಎಂಬುದು ಅವರ ಲೆಕ್ಕ.

ಇನ್ನೂ ಕೆಲವು ಮಾತುಗಳಿದ್ದವು. "ಎರಡು ಮಳೆಗಾಲ ಕಾಣದ ನಾಯಿಗೆ ಮರಿ ಬೇಡ." ತಾನೇ ಬೆಳೆಯದ ನಾಯಿ ಮರಿಯನ್ನು ಹೇಗೆ ಬೆಳೆಸೀತು? "ಅರವತ್ತಕ್ಕೆ ಗೂಡು ಹಾಸು." ನಾಯಿ ಗಬ್ಬವಾಗಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಅದಕ್ಕೆ ಮೊದಲೇ ಕೊಟ್ಟಿಗೆಯ ಮೂಲೆಯಲ್ಲಿ ಒಣಹುಲ್ಲು, ಹಳೆ ಗೋಣಿಚೀಲ ಸಿದ್ಧವಾಗಿರಬೇಕು. "ಅಳೋ ಮರಿ ಸುಳ್ಳು ಹೇಳಲ್ಲ." ಮರಿ ಬಿಡದೆ ಕುಂಯ್‌ಗುಡುತ್ತಿದ್ದರೆ ಹಸಿವೋ ಚಳಿಯೋ ಇದ್ದೇ ಇದೆ, ಎದ್ದು ನೋಡು ಎಂದರ್ಥ.

ಎಲ್ಲಕ್ಕಿಂತ ಹೆಚ್ಚಾಗಿ ಹೇಳುತ್ತಿದ್ದುದು ಇದು: "ಕಣ್ಣಿಗೆ ಎರಡು ವಾರ, ಹಲ್ಲಿಗೆ ಮೂರು ವಾರ, ಬುದ್ಧಿಗೆ ಎಂಟು ವಾರ." ಎಂಟು ವಾರ ತುಂಬದೆ ಅವರು ಯಾರಿಗೂ ಮರಿ ಕೊಡುತ್ತಿರಲಿಲ್ಲ. ನೆಂಟರು ಕೇಳಿದರೂ ಇಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಚೆನ್ನಿ ಎಂಬ ನಾಯಿ ಐದು ಮರಿ ಹಾಕಿತ್ತು. ಅದರಲ್ಲಿ ಒಂದಕ್ಕೆ ಹಣೆಯ ಮೇಲೆ ಬಿಳಿ ಬೊಟ್ಟು. ನನ್ನ ಜೊತೆ ಓದುತ್ತಿದ್ದ ಗೆಳೆಯನಿಗೆ ಅದರ ಮೇಲೆ ಕಣ್ಣು. ಅವನ ಹತ್ತಿರ ಒಂದು ಬಣ್ಣದ ಬುಗುರಿ ಇತ್ತು. ನನಗೆ ಅದರ ಮೇಲೆ ಕಣ್ಣು. ಮರಿಗೆ ಆಗ ಇಪ್ಪತ್ತನಾಲ್ಕು ದಿನ. ಕಣ್ಣು ಬಿಟ್ಟಿದೆ, ಹಲ್ಲೂ ಮೂಡಿದೆ, ಇನ್ನೇನು ಎಂದುಕೊಂಡೆ. ಅಜ್ಜಯ್ಯ ಸಂತೆಗೆ ಹೋದ ದಿನ ಮರಿಯನ್ನು ಅಂಗಿಯೊಳಗೆ ಮುಚ್ಚಿಕೊಂಡು ಹೋಗಿ ಕೊಟ್ಟು ಬುಗುರಿ ತಂದೆ.

ಸಂಜೆ ಚೆನ್ನಿ ಕೊಟ್ಟಿಗೆಯಿಂದ ಕಣಕ್ಕೆ, ಕಣದಿಂದ ಸೌದೆ ರಾಶಿಗೆ ಓಡಾಡತೊಡಗಿತು. ಮೂಸುವುದು, ನಿಲ್ಲುವುದು, ಮತ್ತೆ ಮೂಸುವುದು. ನನ್ನ ಹತ್ತಿರವೂ ಬಂದು ಅಂಗಿ ಮೂಸಿತು. ಬೊಗಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿತು. ಬುಗುರಿ ನನ್ನ ಜೇಬಿನಲ್ಲೇ ಇತ್ತು.

ಗೆಳೆಯನ ಮನೆಯವರು ಒಳ್ಳೆಯವರೇ. ಬಟ್ಟಲು ತುಂಬ ಹಸುವಿನ ಹಾಲು ಇಟ್ಟಿದ್ದರು. ಮರಿಗೆ ಅದು ಒಗ್ಗಲಿಲ್ಲ, ಭೇದಿ ಶುರುವಾಯಿತು. ಹೊರಗೆ ಬಿಡದ ಮಳೆ, ಮೈ ಬೆಚ್ಚಗಿಡಲು ತಾಯಿಯಿಲ್ಲ, ಒತ್ತಿಕೊಂಡು ಮಲಗಲು ಒಡಹುಟ್ಟಿದವಿಲ್ಲ. ಮೂರನೆಯ ದಿನ ಬೆಳಿಗ್ಗೆ ಗೆಳೆಯ ಅಳುತ್ತಾ ಬಂದ. ಮರಿ ಸತ್ತುಹೋಗಿತ್ತು.

ಅಜ್ಜಯ್ಯ ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ. "ಉಳಿದ ನಾಲ್ಕು ಮರಿ ಇನ್ಮೇಲೆ ನಿಂದು ಕಣಪ್ಪಾ. ದಿನ ಲೆಕ್ಕ ಹಾಕೋನೂ ನೀನೇ, ಕೊಡೋನೂ ನೀನೇ" ಎಂದರು. ನಾನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ದಿನಕ್ಕೊಂದು ಗೀಟು ಎಳೆದೆ.

ಆ ಗೀಟುಗಳನ್ನು ಎಳೆಯುತ್ತಾ ನೋಡಿದ್ದನ್ನು ಯಾವ ಪಾಠದಲ್ಲೂ ಕಲಿತಿರಲಿಲ್ಲ. ಮರಿಗಳು ಕಚ್ಚಾಡುತ್ತಿದ್ದವು. ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಡುತ್ತಿತ್ತು. ಕಚ್ಚಿದ್ದಕ್ಕೆ ಆಟವೂ ಹೋಯಿತು. ಮರುದಿನ ಅದು ಮೆಲ್ಲಗೆ ಕಚ್ಚುತ್ತಿತ್ತು. ಹಲ್ಲು ಚುಚ್ಚಿದಾಗ ಚೆನ್ನಿ ಗುರ್ ಎಂದು ಎದ್ದುಹೋಗುತ್ತಿತ್ತು. ಮರಿಗಳು ಹಾಲು ಬಿಟ್ಟು ಅನ್ನಕ್ಕೆ ಬಾಯಿ ಹಾಕಿದ್ದು ಹಾಗೆಯೇ. ಬುದ್ಧಿಗೆ ಎಂಟು ವಾರ ಎಂದರೆ ಏನೆಂದು ಆಗ ತಿಳಿಯಿತು. ಬೇಗ ಕಿತ್ತು ತಂದ ಮರಿ ಬದುಕಿದರೂ, ಎಷ್ಟು ಮೆಲ್ಲಗೆ ಕಚ್ಚಬೇಕು ಎಂಬುದನ್ನು ಕಲಿಯದೆಯೇ ಬೆಳೆಯಬಹುದು.

ಅಜ್ಜಯ್ಯ ಹೇಳಿದ್ದೆಲ್ಲ ಸರಿಯೇ? ಇಲ್ಲ. ಮರಿಯ ಬಾಲ ಹಿಡಿದು ಎತ್ತಿದಾಗ ಕೂಗದಿದ್ದರೆ ಅದು ಧೈರ್ಯದ ಮರಿ ಎನ್ನುತ್ತಿದ್ದರು. ಹಾಗೆ ಎತ್ತಿದರೆ ಮರಿಗೆ ಪೆಟ್ಟಾಗುತ್ತದೆ, ಮಾಡಲೇಬೇಡಿ. ಇಪ್ಪತ್ತು ಉಗುರಿನ ನಾಯಿ ಕಾವಲಿಗೆ ಶ್ರೇಷ್ಠ ಎನ್ನುತ್ತಿದ್ದರು. ನಾಯಿಗೆ ಸಾಮಾನ್ಯವಾಗಿ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಕೆಲವಕ್ಕೆ ಹಿಂಗಾಲಿನಲ್ಲೂ ಒಂದೊಂದು ಹೆಚ್ಚಿರುತ್ತದೆ, ಅಷ್ಟೇ. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಅರಿಶಿನ ಮೆತ್ತುತ್ತಿದ್ದುದಂತೂ ದೊಡ್ಡ ತಪ್ಪು. ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಹಿರಿಯರ ಮಾತಿನಲ್ಲಿ ಕಣ್ಣಾರೆ ಕಂಡು ಹೇಳಿದ್ದು ಯಾವುದು, ಕೇಳಿ ಹೇಳಿದ್ದು ಯಾವುದು ಎಂದು ಬೇರೆ ಮಾಡಿ ನೋಡಬೇಕು.

ಕೆಲವು ವರ್ಷಗಳ ಹಿಂದೆ ಬಾದಾಮಿ ನೋಡಲು ಹೋದಾಗ ಮುಧೋಳಕ್ಕೂ ಹೋಗಿದ್ದೆ. ಮುಧೋಳ ನಾಯಿ ಗೊತ್ತಲ್ಲ? ತೆಳ್ಳನೆ ಮೈ, ಉದ್ದ ಮೂತಿ, ಗಾಳಿಯಂಥ ಓಟ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೇ ಬಂದಿದೆ. 2016ರಲ್ಲಿ ನಮ್ಮ ಸೇನೆ ಅದರ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಕರೆದೊಯ್ದಿತು. ಅಲ್ಲಿನ ಹಳ್ಳಿಯೊಂದರಲ್ಲಿ ತಲೆಮಾರುಗಳಿಂದ ಆ ನಾಯಿ ಸಾಕುವ ಹಿರಿಯರೊಬ್ಬರ ಮನೆಗೆ ಹೋದೆ. ಮರಿಯತ್ತ ಕೈ ಚಾಚಿದೆ. "ಮರಿ ಆಮ್ಯಾಲ ನೋಡೂಣಂತ್ರೀ, ಮೊದಲ ಅದರ ತಾಯೀನ ನೋಡ್ರಿ" ಎಂದರು. ನನ್ನ ಅಜ್ಜಯ್ಯನೇ ರುಮಾಲು ಸುತ್ತಿಕೊಂಡು ಬಯಲುಸೀಮೆಯ ಮಾತಾಡಿದ ಹಾಗಾಯಿತು.

ನಾಯಿಗೆ ಬೆಲೆ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು 950ರ ಒಂದು ವೀರಗಲ್ಲು ಸಿಕ್ಕಿದೆ. ಗಂಗರ ಇಮ್ಮಡಿ ಬೂತುಗನ ಕಡೆಯ ಮಣಲೇರ ಎಂಬ ವೀರನ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಏನು ಬೇಕೋ ಬೇಡಿಕೋ ಎಂದನಂತೆ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು! ಮುಂದೆ ಕಾಳಿ ದೊಡ್ಡದೊಂದು ಹಂದಿಯ ಜೊತೆ ಹೋರಾಡಿತು. ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಥೆ ಮುಗಿದಾಗ ಮೊಮ್ಮಗ ತಾನೇ ಆ ಮರಿ ಮಾರುವವರಿಗೆ ಫೋನ್ ಮಾಡಿ, "ಇದರ ತಾಯಿಯನ್ನು ತೋರಿಸ್ತೀರಾ?" ಎಂದು ಕೇಳಿದ. ಆ ಕಡೆಯಿಂದ ಫೋನ್ ಇಟ್ಟ ಸದ್ದು.

ನಮ್ಮ ತೋಟದ ಕೆಳಗಿನ ಮನೆಯಲ್ಲಿ ಕೆಂದ ಬಣ್ಣದ ಊರ ನಾಯಿ ಮರಿ ಹಾಕಿ ಹನ್ನೊಂದು ದಿನವಾಗಿದೆ. ನಿನ್ನೆ ಇಬ್ಬರೂ ಹೋಗಿ ದೂರದಿಂದ ತಾಯಿಯನ್ನು ನೋಡಿ ಬಂದೆವು. ಬಾಲ ಆಡಿಸಿತು, ಆದರೆ ಮರಿಗಳ ಮುಂದಿನಿಂದ ಕದಲಲಿಲ್ಲ. ಮನೆಗೆ ಬಂದವನೇ ಮೊಮ್ಮಗ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚುತ್ತಾ ಎಣಿಸಿದ. "ಇನ್ನೂ 45 ದಿನ ತಾತಾ!" ಎಂದು ನಿಟ್ಟುಸಿರಿಟ್ಟ.

"ಬೆಲ್ಲ ಯಾವಾಗ ಕೊಡೋದು?" ಎಂದು ಅವನೇ ಕೇಳಿದ.

"ಅದಕ್ಕೆ ಕಾಯಬೇಕಾಗಿಲ್ಲ, ನಾಳೆಯೇ ಕೊಡೋಣ" ಎಂದೆ.