ಅವ್ವನ ಉಸಿರು, ಬೈಪ್ಯಾಪ್ ಮೆಷಿನ್ನು, ಫಾರಂನ ಒಂದು ಕಾಲಂ



ಹದಿನೈದು ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಫೋನ್ ಮಾಡಿದವರಿಗೆ 'ಅವ್ವಂಗೆ ಹುಷಾರಿಲ್ಲ' ಅಂತಷ್ಟೇ ಹೇಳಿದ್ದೆ. ಈಗ ಮನೆಗೆ ಬಂದಿದ್ದಾಳೆ. ನಮ್ಮ ಕೇರಿಗಳಲ್ಲಿ 'ಮೂತಿಗೆ ಮೆಷಿನ್ ಹಾಕಿದ್ರು ಅಂದ್ರೆ ಮುಗೀತು' ಅನ್ನೋ ಮಾತಿದೆಯಲ್ಲ, ಅದನ್ನ ನಂಬಿ ನಾನೇ ಅವ್ವನ ಮಾಸ್ಕ್ ಕಿತ್ತುಹಾಕೋದರಲ್ಲಿದ್ದೆ. ಅದಕ್ಕೇ ಇದನ್ನ ಬರೀತಿದ್ದೀನಿ.

ಅವ್ವ ಮೂವತ್ತು ವರ್ಷ ಬೀದಿ ಗುಡಿಸಿದವಳು. ಬೆಳಗಿನ ಜಾವ ಧೂಳು, ಆಮೇಲೆ ಕಸಕ್ಕೆ ಬೆಂಕಿ ಹಚ್ಚಿದ ಹೊಗೆ, ಮನೆಗೆ ಬಂದ್ರೆ ಸೌದೆ ಒಲೆ. ಬೀಡಿ ಮುಟ್ಟಿದವಳಲ್ಲ. ಆಸ್ಪತ್ರೆ ಫಾರಂನಲ್ಲಿ ಬೀಡಿ, ಸಿಗರೇಟು ಕೇಳಿದ್ದರು. ಉದ್ಯೋಗದ ಕಾಲಂನಲ್ಲಿ ಯಾರೋ 'ಗೃಹಿಣಿ' ಅಂತ ಬರೆದುಬಿಟ್ಟಿದ್ದರು. ನಾನು ಗುಮಾಸ್ತ, ಫಾರಂ ತುಂಬೋದೇ ನನ್ನ ಕೆಲಸ. ಅದನ್ನ ಹೊಡೆದುಹಾಕಿ 'ಪೌರಕಾರ್ಮಿಕರು, ನಿವೃತ್ತ' ಅಂತ ಬರೆದೆ.

ಕಾಯಿಲೆ ಸಿಓಪಿಡಿ. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರಲ್ಲ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ 78 ಇತ್ತು, ಇರಬೇಕಾದ್ದು 35ರಿಂದ 45. ಆ ಮಂಪರನ್ನ ನಾವು ಎರಡು ದಿನ ನಿದ್ದೆ ಅಂದ್ಕೊಂಡಿದ್ವಿ.

ರಾತ್ರಿ ಡ್ಯೂಟಿಯ ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ಒಂದು ಹಾಳೆಯ ಹಿಂದೆ ಚಿತ್ರ ಬಿಡಿಸಿ ತೋರಿಸಿದರು. ಹೈಸ್ಕೂಲಲ್ಲಿ 'ವಪೆ' ಅಂತ ಓದಿ ಮರೆತಿದ್ದೆನಲ್ಲ, ಅದೇ. ಎದೆಗೂ ಹೊಟ್ಟೆಗೂ ಮಧ್ಯೆ ಬೋರಲು ಹಾಕಿದ ಬಾಣಲೆ ತರದ ಸ್ನಾಯು. ಅದು ಕೆಳಕ್ಕೆ ಇಳಿದರೆ ಎದೆ ಹಿಗ್ಗಿ ಗಾಳಿ ಒಳಗೆ ಬರುತ್ತೆ. ಅವ್ವನ ಎದೆಯಲ್ಲಿ ಸಿಕ್ಕಿಕೊಂಡ ಗಾಳಿ ಆ ಬಾಣಲೆಯನ್ನ ಒತ್ತಿ ತಟ್ಟೆ ಮಾಡಿತ್ತು. ಮೊದಲೇ ಇಳಿದು ಕೂತದ್ದು ಇನ್ನೆಷ್ಟು ಇಳಿಯುತ್ತೆ? ಅದಕ್ಕೇ ಭುಜ ಎತ್ತಿ ಎತ್ತಿ, ಕುತ್ತಿಗೆ ಬಿಗಿದು ಉಸಿರು ಎಳೀತಿದ್ಲು. ಸಾಲದ್ದಕ್ಕೆ, ಪ್ರತಿ ಸಲ ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡವನ್ನ ಸೋಲಿಸಿದ ಮೇಲೇ ಹೊಸ ಗಾಳಿ ಬರಬೇಕು.

ಬೈಪ್ಯಾಪ್ ಅಂದ್ರೆ ಗಂಟಲಿಗೆ ಕೊಳವೆ ಇಳಿಸೋದಲ್ಲ. ಮುಖಕ್ಕೆ ಬಿಗಿಯಾಗಿ ಮಾಸ್ಕ್, ಅದರಿಂದ ಎರಡು ಬಗೆಯ ಒತ್ತಡ. ಉಸಿರು ಬಿಡುವಾಗ 5, ಎಳೆಯುವಾಗ 14. ಕಡಿಮೆಯದು ಆ ಸಿಕ್ಕಿಕೊಂಡ ಒತ್ತಡದ ಎದುರು ನಿಲ್ಲುತ್ತೆ, ಜಾಸ್ತಿಯದು ವಪೆಯ ಕೆಲಸದಲ್ಲಿ ಪಾಲು ತಗೊಳ್ಳುತ್ತೆ. ಉಸಿರು ಶುರು ಮಾಡೋದು ಅವ್ವನೇ. ಕಸದ ತಳ್ಳುಗಾಡಿಯನ್ನ ದಿಬ್ಬ ಹತ್ತಿಸುವಾಗ ಹಿಂದಿನಿಂದ ಇನ್ನೊಬ್ಬಳು ಬಂದು ಕೈ ಕೊಡ್ತಾಳಲ್ಲ, ಹಾಗೆ. ಸ್ವಲ್ಪ ಹೊತ್ತಲ್ಲೇ ಅವಳ ಭುಜ ಕೆಳಗಿಳೀತು. ನಿಮಿಷಕ್ಕೆ 36 ಇದ್ದ ಉಸಿರು 26ಕ್ಕೆ ಬಂತು.

ಅಷ್ಟರಲ್ಲಿ ಬಿಪಿ ಇಳೀತು. 84/50. ಚಿಕ್ಕಪ್ಪ ಕೂಗಾಡಿದ: "ಲೇ ಮಗ, ಆ ಮಿಸಿನ್ನೇ ಅತ್ತಿಗೇನ ಕೊಲ್ತಾ ಅದೆ, ಮೊದ್ಲು ಕಿತ್ತಾಕ್ಲಾ!" ನನ್ನ ಕೈ ಮಾಸ್ಕಿನ ಪಟ್ಟಿ ಮೇಲಿತ್ತು. ಸಿಸ್ಟರ್ ತಡೆದರು.

ಆಮೇಲೆ ಅರ್ಥವಾಗಿದ್ದು ಇದು. ನಾವು ಮಾಮೂಲಿಯಾಗಿ ಉಸಿರು ಎಳೆದಾಗ ಎದೆಯೊಳಗಿನ ಒತ್ತಡ ಕಮ್ಮಿಯಾಗಿ, ಗಾಳಿ ಜೊತೆ ರಕ್ತವೂ ಹೃದಯದ ಕಡೆಗೆ ಎಳೆದುಕೊಂಡು ಬರುತ್ತೆ. ಮೆಷಿನ್ ಗಾಳಿಯನ್ನ ತಳ್ಳುತ್ತೆ, ಎದೆಯೊಳಗೆ ಒತ್ತಡ ಹೆಚ್ಚುತ್ತೆ, ಹಿಂದಿರುಗೋ ರಕ್ತಕ್ಕೆ ದಾರಿ ಬಿಗಿಯಾಗುತ್ತೆ. ಮೈಯಲ್ಲಿ ನೀರಿನಂಶ ಸಾಕಷ್ಟಿದ್ದರೆ ಸಾಮಾನ್ಯವಾಗಿ ದೇಹ ಸಂಭಾಳಿಸುತ್ತೆ. ಅವ್ವ ಎರಡು ದಿನ ಜ್ವರದಲ್ಲಿ ಅರ್ಧ ಲೋಟ ಟೀ ಬಿಟ್ಟು ಏನೂ ಕುಡಿದಿರಲಿಲ್ಲ. ಡಾಕ್ಟ್ರಮ್ಮ ಒತ್ತಡ 14ರಿಂದ 10ಕ್ಕೆ ಇಳಿಸಿ, ನಿಧಾನಕ್ಕೆ ಸಲೈನ್ ಬಿಟ್ಟರು. ಒಂದು ಗಂಟೇಲಿ ಬಿಪಿ 100 ದಾಟಿತು, ಆಮೇಲೆ ಒತ್ತಡವನ್ನ ಮತ್ತೆ ಮೆಲ್ಲಗೆ ಏರಿಸಿದರು. ತಮಾಷೆ ಅಂದ್ರೆ, ಹೃದಯ ಸೋತು ಶ್ವಾಸಕೋಶಕ್ಕೆ ನೀರು ತುಂಬಿಕೊಂಡವರಿಗೆ ಇದೇ ಒತ್ತಡ ಔಷಧಿ. ಹೃದಯಕ್ಕೆ ಬರೋ ರಕ್ತದ ಹೊರೆ ಇಳಿಯುತ್ತೆ, ಎಡಭಾಗಕ್ಕೆ ರಕ್ತ ಹೊರಗೆ ತಳ್ಳೋದೂ ಸಲೀಸು.

ಮಾಸ್ಕ್ ಕಿತ್ತಿದ್ದರೆ ಅವ್ವನನ್ನ ಕೊಲ್ಲುತ್ತಿದ್ದವನು ನಾನೇ ಆಗಿರುತ್ತಿದ್ದೆ. ಹಾಗಾಗಿ, ನಿಮ್ಮವರಿಗೆ ಈ ಮೆಷಿನ್ ಹಾಕಿದರೆ ಎಷ್ಟು ದಿನದಿಂದ ಊಟ, ನೀರು ಇಲ್ಲ ಅನ್ನೋದನ್ನ ಮೊದಲೇ ಹೇಳಿ. ವಾಂತಿ ಬರೋ ಹಾಗಿದ್ದರೆ ತಕ್ಷಣ ಸಿಸ್ಟರ್‌ನ ಕರೀರಿ. ಮಾಸ್ಕ್ ಇರುವಾಗ ಬಾಯಿಗೆ ನೀರು ಬಿಡಬೇಡಿ. ನಮ್ಮ ಭಾವನ ಹಾಗೆ ಆಕ್ಸಿಜನ್ ನೀವೇ ಜಾಸ್ತಿ ಮಾಡಬೇಡಿ, ಇಂಥ ರೋಗಿಗಳಿಗೆ 88ರಿಂದ 92 ಇಟ್ಟುಕೊಳ್ಳೋದೇ ವಾಡಿಕೆ. ಅದಕ್ಕಿಂತ ಏರಿಸಿದರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು.

ಇನ್ನೊಂದು ಮಾತು, ನಮ್ಮ ಮೇಲೇ. ಇಷ್ಟು ವರ್ಷ ಪೌರಕಾರ್ಮಿಕರ ಧರಣಿಯಲ್ಲಿ ಕೂತಿದ್ದೀನಿ. ಕಾಯಂ, ಸಂಬಳ, ಗ್ಲೌಸು, ಬೂಟು, ಎಲ್ಲಾ ಕೇಳಿದ್ವಿ, ಸರಿಯಾಗೇ ಕೇಳಿದ್ವಿ. ವರ್ಷಕ್ಕೊಮ್ಮೆ ಕೊಳವೆಗೆ ಊದಿಸಿ ಮಾಡೋ ಸ್ಪೈರೋಮೆಟ್ರಿ ಪರೀಕ್ಷೆ ಕೇಳಬೇಕು ಅಂತ ನನಗೇ ಹೊಳೆದಿರಲಿಲ್ಲ. ಅವ್ವ ಕೆಮ್ಮೋದನ್ನ ಕೇಳ್ಕೊಂಡೇ ಬೆಳೆದವನು ನಾನು, ಅದು ಮನೆಯ ಸದ್ದು ಆಗಿಹೋಗಿತ್ತು.

ಭಾನುವಾರ ಕೂತು ಅರ್ಜಿ ಬರೆದೆ. ಎಲ್ಲ ಪೌರಕಾರ್ಮಿಕರಿಗೂ, ನಿವೃತ್ತರಿಗೂ ಉಸಿರಿನ ಪರೀಕ್ಷೆ, ಆಸ್ಪತ್ರೆ ದಾಖಲೆಯಲ್ಲಿ ಕೆಲಸದ ವಿವರ ಕಡ್ಡಾಯ. ಓದಿ ಹೇಳಿದಾಗ ಅವ್ವ ಕೇಳಿದ್ಲು, "ನಂದೂ ಆಕುಸ್ಕತೀಯೇನಪ್ಪ?" ಮೊದಲ ಹೆಬ್ಬೆಟ್ಟು ಅವಳದೇ.

ಅರ್ಜಿಯ ಪ್ರತಿ ಬೇಕಾದವರು ಕಾಮೆಂಟಲ್ಲಿ ಕೇಳಿ, ಕಳಿಸ್ತೀನಿ.