ನಾನಿಯ ಸರ, ಕಡಲುಗಳ್ಳನ ಬಿಲ್ಲೆ

ಕಳೆದ ರಮಝಾನಿನ ಕೊನೆಯ ವಾರ ತಂಗಿಯ ಮಗ ಬೆಂಗಳೂರಿನಿಂದ ಆಯನೂರಿಗೆ ಬಂದಿದ್ದ. ಇಫ್ತಾರ್ ಮುಗಿದು ಚಹಾ ಕುಡಿಯುತ್ತಿದ್ದಾಗ ಜೇಬಿನಿಂದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ನಮ್ಮ ಕೈಗಿಟ್ಟ. ಒಳಗೆ ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಬಿಲ್ಲೆ. ಒಂದು ಮೈಯಲ್ಲಿ ತಲೆಬುರುಡೆ, ಕೆಳಗೆ ಅಡ್ಡಲಾಗಿ ಎರಡು ಕತ್ತಿ. ಇನ್ನೊಂದು ಮೈಯಲ್ಲಿ ಹಾಯಿ ಬಿಚ್ಚಿದ ಹಡಗು. ಅಮ್ಮಿ ಕನ್ನಡಕ ಏರಿಸಿಕೊಂಡು ನೋಡಿ, “ತೌಬಾ, ಖಬರಸ್ತಾನವನ್ನೇ ಮನೆಗೆ ತಂದಿದೀಯಲ್ಲೋ!” ಎಂದರು.

ಇದಕ್ಕೆ ‘ರೌಂಡ್’ ಎನ್ನುತ್ತಾರಂತೆ. ನಾಣ್ಯದ ಹಾಗೆ ಕಂಡರೂ ನಾಣ್ಯವಲ್ಲ. ಯಾವ ಸರ್ಕಾರವೂ ಹೊರಡಿಸಿದ್ದಲ್ಲ, ಮುಖಬೆಲೆಯಿಲ್ಲ. ಖಾಸಗಿ ಟಂಕಸಾಲೆಗಳು ಅಚ್ಚೊತ್ತಿ ಮಾರುವ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ ಅಪ್ಪಟ ಬೆಳ್ಳಿ. ಹುಡುಗನ ಹತ್ತಿರ ಇಂಥವು 22 ಇವೆ. ಎಲ್ಲದರ ಮೇಲೂ ಕಡಲುಗಳ್ಳರೇ. ಒಬ್ಬನಿಗೆ ಕಣ್ಣಿಗೆ ಪಟ್ಟಿ, ಇನ್ನೊಬ್ಬನಿಗೆ ಮರದ ಕಾಲು. ನಾವೂ ಚಿಕ್ಕಂದಿನಲ್ಲಿ ‘ಟ್ರೆಷರ್ ಐಲ್ಯಾಂಡ್’ ಕಥೆಯನ್ನು ಮೇಷ್ಟ್ರ ಬಾಯಲ್ಲಿ ಕೇಳಿ, ಆ ಒಂಟಿ ಕಾಲಿನವನಂತೆ ಕಂಕುಳಿಗೆ ಕೋಲು ಕೊಟ್ಟುಕೊಂಡು ಕುಂಟಿದವರೇ. ಆದ್ದರಿಂದ ಬೈಯುವ ಅರ್ಹತೆ ನಮಗಿರಲಿಲ್ಲ.

ಅವನು ನಿಜವಾಗಿ ಬಂದದ್ದು ಬೇರೆ ಕೆಲಸಕ್ಕೆ. ಎರಡನೆಯ ಡಬ್ಬಿ ಹೊರಬಂತು. ಅದರಲ್ಲಿ ಮಂಕಾದ, ಸವೆದಂತೆ ಕಾಣುವ ದೊಡ್ಡ ನಾಣ್ಯ. ಎರಡು ಕಂಬ, ನಡುವೆ ಎರಡು ಗೋಳ, ಮೇಲೆ ಕಿರೀಟ, ಕೆಳಗೆ ಕಡಲ ಅಲೆ. ಸ್ಪೇನಿನ ದೊರೆಗಳು ಮೆಕ್ಸಿಕೋದಲ್ಲಿ 1732ರಿಂದ 1772ರವರೆಗೆ ಹೊಡೆಸಿದ ಎಂಟು ರಿಯಾಲಿನ ನಾಣ್ಯದ ಮಾದರಿ ಇದು. ಕಡಲುಗಳ್ಳರ ಕಥೆಗಳಲ್ಲಿ ಪೆಟ್ಟಿಗೆ ತುಂಬ ಇರುವುದು ಈ ಎಂಟು ರಿಯಾಲಿನ ನಾಣ್ಯಗಳೇ. ಫೋನಿನಲ್ಲಿ ಪರಿಚಯವಾದ ವ್ಯಾಪಾರಿಯೊಬ್ಬ ನೋಡಲು ಕಳಿಸಿದ್ದನಂತೆ. ಬದಲಿಗೆ ಹಣ ಬೇಡ, ನಾನಿಯ ರೂಪಾಯಿ ಸರ ಕೊಟ್ಟರೆ ಸಾಕು ಎಂದಿದ್ದನಂತೆ.

ಅಮ್ಮಿಯ ಮದುವೆಗೆ ಅವರ ತಾಯಿ ಹಾಕಿದ ಸರ ಅದು. ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ದೊರೆಗಳ 17 ಬೆಳ್ಳಿ ರೂಪಾಯಿ, ಒಂದೊಂದಕ್ಕೂ ಕೊಂಡಿ ಬೆಸೆದದ್ದು. ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಾಹಕರ ಲೋಕದಲ್ಲಿ ಬೆಲೆ ಕಡಿಮೆ. ಆದರೂ ವ್ಯಾಪಾರಿಯ ಕಣ್ಣು ಅದರ ಮೇಲೆ ಬೀಳಲು ಕಾರಣವಿತ್ತು. ಅದರಲ್ಲೊಂದು 1911ರದು. ಆ ವರ್ಷದ ರೂಪಾಯಿಯಲ್ಲಿ ಐದನೇ ಜಾರ್ಜ್ ಕೊರಳಿನ ಸರದ ಆನೆಗೆ ಸೊಂಡಿಲು ಮೋಟಾಗಿ, ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಮುಸಲ್ಮಾನರಲ್ಲಿ ಗುಲ್ಲೆದ್ದು ಸರ್ಕಾರ ನಾಣ್ಯವನ್ನು ಹಿಂತೆಗೆದು, ಮರುವರ್ಷ ಆನೆಯನ್ನು ತಿದ್ದಿತು. ‘ಹಂದಿ ರೂಪಾಯಿ’ ಎಂದು ಹೆಸರಾದ ಆ ನಾಣ್ಯವೇ ನಮ್ಮ ಅಜ್ಜಿಯ ಕೊರಳಲ್ಲಿ ಐದು ಹೊತ್ತಿನ ನಮಾಝ್ ಮಾಡಿಕೊಂಡು ಇತ್ತು! ಪಾಪ, ಅವರಿಗೆ ಗೊತ್ತಿದ್ದದ್ದು ಅದರ ತೂಕವೊಂದೇ.

“ಮಾಮೂ, ನಾನಿ ಹೇಗೂ ಹಾಕಿಕೊಳ್ಳಲ್ಲ. ಇದಕ್ಕೆ ಚರಿತ್ರೆ ಇದೆ” ಎಂದ ಹುಡುಗ.

ಸರಿ, ಚರಿತ್ರೆಯನ್ನೇ ಮಾತಾಡೋಣ ಎಂದೆವು. ಈ ಬೆಳ್ಳಿ ಹುಟ್ಟಿದ್ದು ದಕ್ಷಿಣ ಅಮೆರಿಕದ ಪೊಟೊಸಿಯಂಥ ಗಣಿಗಳಲ್ಲಿ. 1545ರಲ್ಲಿ ಸ್ಪೇನಿನವರಿಗೆ ಸಿಕ್ಕ ಆ ಬೆಟ್ಟದೊಳಕ್ಕೆ ಸುತ್ತಲಿನ ಹಳ್ಳಿಗಳ ಮೂಲನಿವಾಸಿಗಳನ್ನು ಸರದಿಯ ಮೇಲೆ ಬಿಟ್ಟಿ ದುಡಿಮೆಗೆ ಇಳಿಸಲಾಯಿತು. ಅಲ್ಲಿಂದ ಬೆಳ್ಳಿ ಯುರೋಪಿಗೆ, ಅಲ್ಲಿಂದ ಅರಬ್ ಬಂದರುಗಳಿಗೆ, ಗೋವೆಗೆ, ಸೂರತ್ತಿಗೆ ಬಂತು. ನಮ್ಮ ಬಟ್ಟೆಗೂ ಮೆಣಸಿಗೂ ಅವರಲ್ಲಿ ಬದಲು ಕೊಡಲು ಬೆಳ್ಳಿಯಲ್ಲದೆ ಹೆಚ್ಚೇನಿರಲಿಲ್ಲ. ಹಜ್‌ಗೆ ಹೋಗಿ ಬಂದವರ ಮನೆಯಲ್ಲಿ ಉಳಿದಿರುವ ಒಂದೆರಡು ರಿಯಾಲಿನ ಹೆಸರೇ ಸ್ಪೇನಿನ ಈ ನಾಣ್ಯದಿಂದ ಬಂದದ್ದು.

ನಮ್ಮೂರ ಮುಂದಿನ ರಸ್ತೆ ಹಿಡಿದು ಸಾಗರ ದಾಟಿದರೆ ಇಕ್ಕೇರಿ. 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯೊಬ್ಬ ವೆಂಕಟಪ್ಪ ನಾಯಕನನ್ನು ಕಾಣಲು ಘಟ್ಟ ಹತ್ತಿ ಅಲ್ಲಿಗೆ ಬಂದ. ಜೊತೆಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಅದನ್ನೆಲ್ಲ ಬರೆದಿಟ್ಟ. ನಡೆದ ಮಾತಿನಲ್ಲಿ ಮೆಣಸಿನ ಹಣದ ವಿಷಯವೂ ಇತ್ತು. ಆಗ ಸ್ಪೇನ್, ಪೋರ್ಚುಗಲ್ ಎರಡಕ್ಕೂ ಒಬ್ಬನೇ ದೊರೆ. ನಾಯಕರ ಸ್ವಂತ ನಾಣ್ಯ ಚಿನ್ನದ ವರಾಹ, ಅದರ ಮೇಲೆ ಶಿವ ಪಾರ್ವತಿಯರು. 1763ರಲ್ಲಿ ಬಿದನೂರು ಗೆದ್ದ ಹೈದರಲಿ ಆ ಚಿತ್ರವನ್ನು ಅಳಿಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿಸಿದ. ಈ ಸೀಮೆಯಲ್ಲಿ ಹುಟ್ಟಿದ ಹುಡುಗನಿಗೆ ಕೂಡಿಡಲು ಇಷ್ಟೆಲ್ಲ ಇರುವಾಗ ತಲೆಬುರುಡೆಯೇ ಬೇಕಿತ್ತೇ ಎಂದು ಅನಿಸಿತು. ಬಾಯಿಬಿಟ್ಟು ಹೇಳಲಿಲ್ಲ.

ಹೇಳಿದ್ದು ಇನ್ನೊಂದು ಸಂಗತಿ. 1695ರ ಸೆಪ್ಟೆಂಬರಿನಲ್ಲಿ ಔರಂಗಝೇಬನ ‘ಗಂಜ್-ಇ-ಸವಾಯಿ’ ಎಂಬ ಹಡಗು ಹಾಜಿಗಳನ್ನು ಹೊತ್ತು ಸೂರತ್ತಿಗೆ ಮರಳುತ್ತಿತ್ತು. ಇತಿಹಾಸಕಾರ ಖಾಫಿ ಖಾನ್ ಬರೆದಂತೆ ಅದರಲ್ಲಿ 80 ಫಿರಂಗಿ, 400 ತುಬಾಕಿ, ಮೋಖಾ ಮತ್ತು ಜಿದ್ದಾದಲ್ಲಿ ಸರಕು ಮಾರಿ ಬಂದ 52 ಲಕ್ಷ ರೂಪಾಯಿಯ ಬೆಳ್ಳಿ ಬಂಗಾರ. ಇಂಗ್ಲಿಷ್ ಕಡಲುಗಳ್ಳ ಹೆನ್ರಿ ಎವ್ರಿ ಅಡ್ಡಗಟ್ಟಿದ. ಹಡಗಿನದೇ ಒಂದು ಫಿರಂಗಿ ಸಿಡಿದು ಅಲ್ಲಿದ್ದವರೇ ಸತ್ತರು. ಆಮೇಲೆ ದಿನಗಟ್ಟಲೆ ಲೂಟಿ. ಹಾಜಿಗಳನ್ನು ಹಿಂಸಿಸಿದರು, ಹೆಂಗಸರ ಮೇಲೆ ಕೈಮಾಡಿದರು. ಮಾನ ಉಳಿಸಿಕೊಳ್ಳಲು ಕೆಲವರು ಕಡಲಿಗೆ ಹಾರಿದರು. ಎವ್ರಿಯ ಕೆಲವು ಸಂಗಡಿಗರನ್ನು 1696ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಅವನು ಮಾತ್ರ ಸಿಗಲೇ ಇಲ್ಲ. 2014ರಲ್ಲಿ ಅಮೆರಿಕದ ರೋಡ್ ಐಲ್ಯಾಂಡಿನ ಹಣ್ಣಿನ ತೋಟವೊಂದರ ಮಣ್ಣಿನಲ್ಲಿ, 1693ರಲ್ಲಿ ಯೆಮನ್‌ನಲ್ಲಿ ಅಚ್ಚಾದ ಪುಟ್ಟ ಬೆಳ್ಳಿ ನಾಣ್ಯ ಸಿಕ್ಕಿತು. ಆ ಲೂಟಿಯದೇ ಇರಬಹುದೆಂದು ಸಿಕ್ಕವರ ಊಹೆ.

ಅಮ್ಮಿ ತಸ್ಬೀಹ್ ನಿಲ್ಲಿಸಿ ಕೇಳುತ್ತಿದ್ದರು. “ಹಾಜಿಗಳ ಹಡಗಾ?” ಎಂದರು. ಹುಡುಗ ಬಿಲ್ಲೆಯನ್ನು ಹಡಗಿನ ಮೈ ಮೇಲಾಗುವಂತೆ ತಿರುಗಿಸಿಟ್ಟ. ಯಾರೂ ಮಾತಾಡಲಿಲ್ಲ.

ಮರುದಿನ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ, ನಮ್ಮ ಮನೆಯ ಮೂರು ತಲೆಮಾರಿನ ಬೆಳ್ಳಿ ಕಂಡಿರುವ ಶೆಟ್ಟರ ಮುಂದೆ ಎಲ್ಲವನ್ನೂ ಇಟ್ಟೆವು. ಅವರು ಮೊದಲು ಸ್ಪೇನಿನ ನಾಣ್ಯವನ್ನು ತೂಗಿದರು. 27 ಗ್ರಾಂ ಇರಬೇಕಾದದ್ದು 21 ಇತ್ತು. ಅಂಚನ್ನು ಬೆಳಕಿಗೆ ಹಿಡಿದರು. ಅಸಲಿ ನಾಣ್ಯದ ಅಂಚಿನ ಸುತ್ತ ಎಲೆಯ ಚಿತ್ತಾರವಿರುತ್ತದೆ. ಇದರಲ್ಲಿ ನಡುವೆ ಒಂದು ಗೆರೆ, ಎರಡು ಅಚ್ಚು ಕೂಡಿಸಿ ಎರಕ ಹೊಯ್ದ ಗುರುತು. “ಸಾಹೇಬ್ರೆ, ಇದು ಬೆಳ್ಳೀನೂ ಅಲ್ಲ” ಎಂದು ಪಕ್ಕಕ್ಕಿಟ್ಟರು. ತಲೆಬುರುಡೆಯ ಬಿಲ್ಲೆಯನ್ನು ಉಜ್ಜಿ ನೋಡಿ, “ಇದು ಚೊಕ್ಕ ಮಾಲು” ಎಂದರು. ಹುಡುಗ ಅರ್ಧ ನಕ್ಕ. ಚರಿತ್ರೆ ಇದೆ ಎಂದದ್ದು ಖೋಟಾ, ಚರಿತ್ರೆಯೇ ಇಲ್ಲದ್ದು ಅಪ್ಪಟ. ಕಥೆ ಬರೆಯುವ ನಾವು ಇದನ್ನೇ ಬರೆದಿದ್ದರೆ ಸಂಪಾದಕರು ನಂಬುತ್ತಿರಲಿಲ್ಲ.

ಸರವನ್ನು ಶೆಟ್ಟರು ತೂಗಲು ಹೋದಾಗ ಹುಡುಗನೇ ತಡೆದ. “ಅದು ಬೇಡ ಬಿಡಿ” ಎಂದ. ಬರುವ ದಾರಿಯಲ್ಲಿ ಅವನಿಗೊಂದು ಮಾತು ಹೇಳಿದೆವು. ಹೊರಗಿನಿಂದ ಬಂದ ಬೆಳ್ಳಿಯನ್ನು ಮೊಗಲರ ಟಂಕಸಾಲೆಯಲ್ಲಿ ಕರಗಿಸಿ ರೂಪಾಯಿ ಹೊಡೆಯುತ್ತಿದ್ದರು. ಹಳೆಯ ರೂಪಾಯಿ ಕರಗಿ ಹೊಸ ರೂಪಾಯಿಯಾಗುತ್ತಿತ್ತು. ಪೊಟೊಸಿಯ ಚೂರು ನಾನಿಯ ಸರದಲ್ಲೂ ಇರಬಹುದು, ಬೇರೆ ತಂದು ಕಟ್ಟಬೇಕಾಗಿಲ್ಲ.

ರಾತ್ರಿ ತರಾವೀಹ್ ಮುಗಿಸಿ ಬಂದಾಗ ಅಮ್ಮಿ ಕಾದಿದ್ದರು. ಖೋಟಾ ನಾಣ್ಯದ ವಿಷಯ ಅವರಿಗೆ ಮುಖ್ಯವೆನಿಸಲಿಲ್ಲ.

“ಆ ಬುರುಡೆಗಳು ಒಟ್ಟು ಎಷ್ಟು ತೂಕ?”

“684 ಗ್ರಾಂ ನಾನಿ.”

ಸಾಡೆ ಬಾವನ್ ತೋಲೆ, ಅಂದರೆ ಸುಮಾರು 612 ಗ್ರಾಂ ಬೆಳ್ಳಿ ಝಕಾತಿನ ಮಿತಿ. ತೊಡುವ ಒಡವೆಯ ಬಗ್ಗೆ ನಮ್ಮ ಹನಫಿಗಳಿಗೂ ಕರಾವಳಿಯ ಶಾಫಿಗಳಿಗೂ ಅಭಿಪ್ರಾಯ ಬೇರೆ. ಡಬ್ಬಿಯಲ್ಲಿಟ್ಟ ಬೆಳ್ಳಿಗೆ ಆ ಚರ್ಚೆಯೂ ಇಲ್ಲ.

“ವರ್ಷ ಆಯ್ತಾ?”

“ಎರಡಾಯ್ತು.”

“ಕೊಟ್ಟೆಯಾ?”

ಹುಡುಗ ನಮ್ಮ ಮುಖ ನೋಡಿದ. ನಾವು ಚಾವಣಿ ನೋಡಿದೆವು. ಅವನು ಫೋನ್ ತೆಗೆದು, ನೂರಕ್ಕೆ ಎರಡೂವರೆಯಂತೆ ವರ್ಷಕ್ಕೆ 17 ಗ್ರಾಂ ಚಿಲ್ಲರೆ ಎಂದು ಲೆಕ್ಕ ಹಾಕಿ, ಬೆಳ್ಳಿಯ ಅಂದಿನ ದರ ಹುಡುಕತೊಡಗಿದ. ಅಮ್ಮಿ ಪಕ್ಕದಲ್ಲಿ ಕೂತು, ಓಣಿಯಲ್ಲಿ ಯಾರ ಮನೆಗೆ ಎಷ್ಟು ಹೋಗಬೇಕೆಂದು ಬೆರಳೆಣಿಸುತ್ತಿದ್ದರು.